ಪದಚರ್ಚೆ: "ಮನುಷ್ಯರು ಮತ್ತು ಪ್ರಾಣಿಗಳು" ಸರಿಯೇ? ಕುರಿಗೆ "ಯಾರು" ಬಳಸಬಹುದೇ?

ಬಲ್ಲವರಿಗೆಲ್ಲ ನಮಸ್ಕಾರ.

ನಾನು ಮಾಂಸ ತಿನ್ನುವುದನ್ನು ಬಿಟ್ಟು ಮೂರು ವರ್ಷವಾಯಿತು. ಯಾಕೆ ಬಿಟ್ಟೆ ಎಂದು ಕೇಳುವವರ ಕೈಗೆ ಕೊಡಲೆಂದು ಒಂದು ಬರಹ ಬರೆಯಲು ಕೂತಿದ್ದೇನೆ. ಎರಡು ಕಡೆ ತಡವರಿಸಿ ನಿಂತಿದ್ದೇನೆ. ಎರಡೂ ಕನ್ನಡದ ತೊಡಕುಗಳೇ.

ಮೊದಲನೆಯದು ತಲೆಬರಹದಲ್ಲೇ ಎದುರಾಯಿತು. "ಮನುಷ್ಯರು ಮತ್ತು ಪ್ರಾಣಿಗಳು" ಎಂದು ಬರೆದೆ. ಮರುದಿನ ಓದಿದರೆ "ಮಲ್ಲಿಗೆ ಮತ್ತು ಹೂವುಗಳು" ಎಂದ ಹಾಗೆ ಕೇಳಿಸಿತು. ಪ್ರಾಣ ಉಳ್ಳದ್ದು ಪ್ರಾಣಿ. ಉಸಿರಾಡುವ ನಾನು ಆ ಪದದಿಂದ ಹೊರಗೆ ಉಳಿದದ್ದು ಯಾವಾಗ? "ಜಂತು"ವಿನ ಕಥೆಯೂ ಇದೇ. ಜನನ, ಜನ್ಮ ಬಂದ ಧಾತುವಿನಿಂದಲೇ ಬಂದ ಆ ಪದಕ್ಕೆ ಹುಟ್ಟಿದ್ದು ಎಂದಷ್ಟೇ ಅರ್ಥ. ಈಗ ಹೊಟ್ಟೆಯ ಹುಳುವಿಗೆ ಹೇಳುತ್ತೇವೆ. "ಪಶು" ಎಂದರೆ ಇವತ್ತು ಬೈಗುಳ. ಆದರೆ ಅಥರ್ವವೇದದ ಒಂದು ಮಂತ್ರದಲ್ಲಿ ಐದು ಪಶುಗಳನ್ನು ಸಾಲಾಗಿ ಹೇಳಿದೆ: ದನ, ಕುದುರೆ, ಮನುಷ್ಯ, ಮೇಕೆ, ಕುರಿ. ಮನುಷ್ಯನ ಜಾಗ ಕುದುರೆಗೂ ಮೇಕೆಗೂ ನಡುವೆ. ಇದನ್ನು ಓದಿದ ದಿನ ನಾನು ಬಹಳ ಹೊತ್ತು ಪುಸ್ತಕ ಮುಚ್ಚಲಿಲ್ಲ. "ಮೃಗ" ಮಾತ್ರ ಬೇರೆ ದಾರಿಯದು. ಮೃಗಯಾ ಎಂದರೆ ಬೇಟೆ. ಆ ಪದದಲ್ಲಿ ನಾವು ಮೊದಲಿನಿಂದಲೂ ಬಿಲ್ಲು ಹಿಡಿದವರ ಕಡೆಯೇ ಇದ್ದೇವೆ.

ಜೀವಿಗಳನ್ನು ವರ್ಗೀಕರಿಸಿದ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ 1735ರಲ್ಲೇ ಮನುಷ್ಯನನ್ನು ಪ್ರಾಣಿಗಳ ಪಟ್ಟಿಯೊಳಗೆ ಕೂರಿಸಿದ. 1758ರಲ್ಲಿ ಹೋಮೋ ಸೇಪಿಯನ್ಸ್ ಎಂದು ಹೆಸರನ್ನೂ ಇಟ್ಟ. ಶಾಲೆಯಲ್ಲಿ ಇದನ್ನೆಲ್ಲ ಓದಿದ ನಾವು ಹೊರಗೆ ಬಂದು ಮತ್ತೆ "ಮನುಷ್ಯರು, ಪ್ರಾಣಿಗಳು" ಎನ್ನುತ್ತೇವೆ.

"ಮನುಷ್ಯೇತರ ಪ್ರಾಣಿಗಳು" ಎನ್ನಬಹುದು. ಅರ್ಥ ಸರಿಯಾಗಿದೆ, ಆದರೆ ಕಡತದ ಭಾಷೆಯಂತಿದೆ. "ಮೂಕಪ್ರಾಣಿ" ಎನ್ನಲು ನನಗೆ ಮನಸ್ಸಿಲ್ಲ. ಅದರಲ್ಲಿ ಕರುಣೆ ಇದೆ, ನಿಜ. ಆದರೆ ಮಾತು ಬರುತ್ತದೆಯೋ ಇಲ್ಲವೋ ಎಂಬುದನ್ನೇ ಅದು ಗಡಿ ಮಾಡುತ್ತದೆ. 1789ರಲ್ಲಿ ಪ್ರಕಟವಾದ ಬರಹದಲ್ಲಿ ಇಂಗ್ಲೆಂಡಿನ ತತ್ವಜ್ಞಾನಿ ಜೆರೆಮಿ ಬೆಂಥಮ್ ಈ ಗಡಿಯನ್ನೇ ಒಪ್ಪಲಿಲ್ಲ: ಅವು ಯೋಚಿಸಬಲ್ಲವೇ, ಮಾತಾಡಬಲ್ಲವೇ ಎಂಬುದಲ್ಲ, ಅವಕ್ಕೆ ನೋವಾಗುತ್ತದೆಯೇ ಎಂಬುದು ಪ್ರಶ್ನೆ ಎಂದ. ಅದೂ ಅಲ್ಲದೆ, ಮರಿಯನ್ನು ಬೇರೆ ಮಾಡಿದಾಗ ರಾತ್ರಿಯಿಡೀ ಕೂಗುವ ತಾಯಿಯನ್ನು ಕೇಳಿದವರು ಮೂಕ ಎನ್ನಲಾರರು. ಸದ್ಯಕ್ಕೆ ನಾನು "ಉಳಿದ ಪ್ರಾಣಿಗಳು" ಎಂದು ಬರೆಯುತ್ತಿದ್ದೇನೆ. ಆ ಚಿಕ್ಕ "ಉಳಿದ" ನಮ್ಮನ್ನೂ ಒಳಗೆ ಸೇರಿಸಿಕೊಳ್ಳುತ್ತದೆ. ಇದಕ್ಕಿಂತ ಒಳ್ಳೆಯದು ಹೊಳೆದರೆ ತಿಳಿಸಿ.

ಎರಡನೆಯದು ಇನ್ನೂ ಕಷ್ಟದ್ದು. ನಾನು ಕೂತಿದ್ದ ಬಸ್ಸಿನ ಪಕ್ಕ ಒಂದು ದಿನ ಕುರಿ ತುಂಬಿದ ಲಾರಿ ಬಂದು ನಿಂತಿತು. ಕಿಟಕಿಗೆ ಒಂದು ಮೊಳ ದೂರದಲ್ಲಿ ಒಂದು ಕುರಿ ಇನ್ನೊಂದರ ಬೆನ್ನ ಮೇಲೆ ಗದ್ದ ಇಟ್ಟು ಕಣ್ಣು ಮುಚ್ಚಿತ್ತು. ಲಾರಿ ಜಗ್ಗಿದಾಗ ಗದ್ದ ಜಾರಿತು. ಕಣ್ಣು ಬಿಟ್ಟು, ಮತ್ತೆ ಅದೇ ಬೆನ್ನನ್ನೇ ಹುಡುಕಿ ಇಟ್ಟುಕೊಂಡಿತು. ಪಕ್ಕದಲ್ಲಿ ಬೇರೆ ಬೆನ್ನುಗಳು ಬೇಕಾದಷ್ಟಿದ್ದವು. ನಾನು ಬಿಟ್ಟದ್ದು ಆ ವಾರ.

ಈಗ ಇದನ್ನು ಬರೆಯುವಾಗ "ಲಾರಿಯಲ್ಲಿ ಏನೋ ಇತ್ತು" ಎನ್ನಬೇಕೋ, "ಯಾರೋ ಇದ್ದರು" ಎನ್ನಬೇಕೋ? ನನ್ನ ಅನುಭವ ಎರಡನೆಯದು, ವ್ಯಾಕರಣ ಒಪ್ಪುವುದು ಮೊದಲನೆಯದನ್ನು. ಎರಡು ಕುರಿ, ಇಬ್ಬರು ಜನ. ಕುರಿ ಬಂತು, ಹುಡುಗಿ ಬಂದಳು. ತಮಿಳಿನವರು ಈ ಭೇದಕ್ಕೆ ಉಯರ್ತಿಣೈ, ಅಃರಿಣೈ ಎಂದೇ ಹೆಸರಿಟ್ಟಿದ್ದಾರೆ: ಉನ್ನತ ವರ್ಗ, ಅದಲ್ಲದ ವರ್ಗ. ನಮ್ಮ ವ್ಯಾಕರಣ ಮೇಲು ಕೀಳಿನ ಹೆಸರಿಡದೆ ಬರಿಯ ನಪುಂಸಕ ಎನ್ನುತ್ತದೆ.

ನಪುಂಸಕ ಎಂದ ಮಾತ್ರಕ್ಕೆ ತಿರಸ್ಕಾರ ಎಂದೂ ಹೇಳಲಾಗದು. ಕನ್ನಡದಲ್ಲಿ ಮಗು ಅಳುತ್ತದೆ, ಕೂಸು ನಗುತ್ತದೆ. ನಾವು ಎದೆಗೆ ಅಪ್ಪಿಕೊಳ್ಳುವ ಜೀವಕ್ಕೂ "ಅದು" ಎನ್ನುವ ಭಾಷೆ ಇದು. ಹಾಗಾಗಿ ಕುರಿಗೆ "ಅದು" ಎಂದರೆ ಅವಮಾನವಾಯಿತೆಂದು ನಾನು ವಾದಿಸುವುದಿಲ್ಲ. ನನಗೆ ಹೆಚ್ಚು ನೋವು ಕೊಡುವುದು ಕ್ರಿಯಾಪದ. ಹೂ ಕೊಯ್ದರು, ಬೆಳೆ ಕೊಯ್ದರು, ಕೋಳಿ ಕೊಯ್ದರು. ಮನುಷ್ಯರ ವಿಷಯದಲ್ಲಿ ಕತ್ತನ್ನು ಕೊಯ್ಯುತ್ತಾರೆಯೇ ಹೊರತು ಮನುಷ್ಯನನ್ನು "ಕೊಯ್ದರು" ಎನ್ನುವುದಿಲ್ಲ, ಕೊಂದರು ಎನ್ನುತ್ತೇವೆ. ಕೋಳಿಯನ್ನು ಹೂವಿನ ಸಾಲಿಗೆ ಸೇರಿಸಿಬಿಟ್ಟದ್ದು ಆ ಒಂದು ಕ್ರಿಯಾಪದ. ನನ್ನ ಬರಹದಲ್ಲಿ ಎಲ್ಲ ಕಡೆ "ಕೊಂದರು" ಎಂದೇ ತಿದ್ದಿದ್ದೇನೆ. ಓದಿದ ಒಬ್ಬ ಗೆಳೆಯರು ಭಾಷೆ ಒರಟಾಯಿತು ಎಂದರು. ನಡೆದದ್ದಕ್ಕೆ ಅದೇ ಸರಿಯಾದ ಪದ ಎಂದು ನನ್ನ ನಂಬಿಕೆ.

ಇನ್ನು "ಯಾರು"ವಿನ ಬಗ್ಗೆ ನನಗೆ ಸಿಕ್ಕ ಒಂದೇ ಒಂದು ಆಸರೆ ಬಸವಣ್ಣನವರ ವಚನದ ಸಾಲು: "ದಯವೇ ಬೇಕು ಸಕಲ ಪ್ರಾಣಿಗಳೆಲ್ಲರಲ್ಲಿ". ನೂರಾರು ಸಲ ಕೇಳಿದ ಸಾಲು, ನನ್ನ ಕಿವಿಗೆ ಈ ಸಲ ಬಿದ್ದದ್ದು "ಎಲ್ಲರಲ್ಲಿ". ಪ್ರಾಣಿಗಳು ಎಂದಮೇಲೆ "ಎಲ್ಲದರಲ್ಲಿ" ಅಥವಾ "ಎಲ್ಲವುಗಳಲ್ಲಿ" ಎಂದು ಬರಬೇಕಿತ್ತು. ಬಂದಿರುವುದು ಮನುಷ್ಯರಿಗೆ ಬಳಸುವ ರೂಪ. ಇದಕ್ಕೆ ಎರಡು ವಿವರಣೆ ಸಾಧ್ಯ. "ಪ್ರಾಣಿ" ಎಂಬುದರೊಳಗೆ ಮನುಷ್ಯರೂ ಸೇರಿರುವುದರಿಂದ ಇಡೀ ಗುಂಪಿಗೆ ಆ ರೂಪ ಬಂದಿರಬಹುದು. ಇಲ್ಲವೇ, ದಯೆಗೆ ಪಾತ್ರವಾದದ್ದನ್ನೆಲ್ಲ "ಎಲ್ಲರು" ಎಂದು ಕರೆಯುವುದು ಬೇಕೆಂದೇ ಮಾಡಿದ ಪ್ರಯೋಗವಾಗಿರಬಹುದು. ಮೊದಲನೆಯದೇ ನಿಜವಾದರೂ ನನಗೆ ಬೇಸರವಿಲ್ಲ; "ಪ್ರಾಣಿ" ಪದದೊಳಗೆ ನಾವಿದ್ದೆವು ಎಂಬುದಕ್ಕೆ ಅದೇ ಸಾಕ್ಷಿ.

ಬಲ್ಲವರಲ್ಲಿ ನನ್ನ ಕೋರಿಕೆ ಇಷ್ಟು: ಪ್ರಾಣಿ, ಜೀವ, ಜಂತು ಇಂಥ ನಾಮಪದಗಳ ಜೊತೆ "ಎಲ್ಲರು", "ಯಾರು", "ಇಬ್ಬರು" ಬಂದಿರುವ ಬೇರೆ ಹಳೆಯ ಪ್ರಯೋಗಗಳು ಗೊತ್ತಿದ್ದರೆ ತಿಳಿಸಿ, ಕಥೆಗಳಲ್ಲಿ ಮಾತಾಡುವ ನರಿ ಹುಲಿಗಳ ಉದಾಹರಣೆ ಬಿಟ್ಟು. ಆಡುಮಾತಿನಲ್ಲಿ ಸಾಕಿದ ಜೀವಕ್ಕೆ ಅವನು, ಅವಳು ಎನ್ನುವುದನ್ನು ಕೇಳಿದ್ದೇನೆ. ಸಾಕದ, ಹೆಸರಿಡದ, ಲಾರಿಯಲ್ಲಿ ಒಮ್ಮೆ ಕಂಡು ಹೋದ ಕುರಿಗೆ ಹಾಗೆ ಅಂದದ್ದನ್ನು ಯಾರಾದರೂ ಕೇಳಿದ್ದೀರಾ?