ಪದಚರ್ಚೆ: ಟ್ರೈಲರಿನ ‘ನೋಸ್ ವೆಯ್ಟ್’ಗೆ ‘ಮೂಕಿ ಭಾರ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಹಳೆಯ ಕಾರಿನ ಹಿಂದೆ ಚಿಕ್ಕ ಟ್ರೈಲರ್ ಎಳೆಯುವುದರ ಬಗ್ಗೆ ಕನ್ನಡದಲ್ಲಿ ಒಂದು ಬರಹ ಸಿದ್ಧ ಮಾಡುತ್ತಿದ್ದೇನೆ. ಕಾರು ಬ್ರಿಟನ್ನಿನ ಮಾರಿಸ್ ಮೈನರ್, 1948ರಲ್ಲಿ ಬಂದದ್ದು. ಅಲ್ಲಿ ಇದನ್ನು ಈಗಲೂ ಆಸೆಯಿಂದ ಓಡಿಸುವವರಿದ್ದಾರೆ. ಕೆಲವರಂತೂ ಗುಜರಿಗೆ ಹೋಗಬೇಕಿದ್ದ ಇನ್ನೊಂದು ಮೈನರಿನ ಹಿಂಭಾಗವನ್ನೇ ಕತ್ತರಿಸಿ ಟ್ರೈಲರ್ ಮಾಡಿಕೊಳ್ಳುತ್ತಾರೆ. ಬ್ರೇಕ್, ಸಾಕೆಟ್, ಸ್ಪ್ರಿಂಗ್ ಎಲ್ಲರಿಗೂ ಗೊತ್ತಿರುವ ಮಾತು, ಹಾಗೇ ಬಿಟ್ಟಿದ್ದೇನೆ. ತೊಡಕಾಗಿರುವುದು ‘ನೋಸ್ ವೆಯ್ಟ್’.

ಕಾರಿನ ಹಿಂದೆ 50 ಮಿಲಿಮೀಟರಿನ ಕಬ್ಬಿಣದ ಗುಂಡು ಇರುತ್ತದೆ. ಟ್ರೈಲರಿನ ಮುಂದಿನ ತುದಿ ಅದರ ಮೇಲೆ ಕೂರುತ್ತದೆ. ಆ ತುದಿ ಗುಂಡನ್ನು ಎಷ್ಟು ಒತ್ತುತ್ತದೋ ಅದೇ ನೋಸ್ ವೆಯ್ಟ್. ಟ್ರೈಲರಿನ ಒಟ್ಟು ತೂಕದಲ್ಲಿ ಶೇಕಡಾ 5ರಿಂದ 7 ಇರಲಿ ಎನ್ನುವುದು ಅಲ್ಲಿ ಕ್ಯಾರವಾನ್ (ಒಳಗೆ ಮನೆಯಂತೆ ಇರಬಹುದಾದ ಟ್ರೈಲರ್) ಎಳೆಯುವವರ ರೂಢಿ. ಅಂದರೆ 300 ಕೆಜಿಗೆ 15ರಿಂದ 21 ಕೆಜಿ. ಇದು ಕಡಿಮೆಯಾದರೆ ವೇಗದಲ್ಲಿ ಟ್ರೈಲರ್ ಓಲಾಡಿ ಕಾರನ್ನೂ ಅತ್ತಿತ್ತ ಎಳೆಯುತ್ತದೆ. ಜಾಸ್ತಿಯಾದರೆ ಕಾರಿನ ಹಿಂಭಾಗ ತಗ್ಗಿ, ಮುಂದಿನ ಚಕ್ರಗಳ ಹಿಡಿತ ಸಡಿಲವಾಗುತ್ತದೆ. ಮೈನರ್ ಹಗುರದ ಕಾರು, ಹೆಚ್ಚುಕಡಿಮೆ ಮುಕ್ಕಾಲು ಟನ್. ಹಾಗಾಗಿ ಈ ಲೆಕ್ಕ ತಪ್ಪಬಾರದು, ಪದವೂ ಗೊಂದಲ ಮಾಡಬಾರದು.

‘ಮೂಗಿನ ಭಾರ’ ನನಗೆ ಒಪ್ಪಿಗೆಯಿಲ್ಲ, ಏನನ್ನೂ ಹೇಳುವುದಿಲ್ಲ. ‘ಮುಂಭಾರ’ ಚೆನ್ನಾಗಿದೆ. ಆದರೆ ‘ಮುಂಭಾರ 20 ಕೆಜಿ ಇರಲಿ’ ಎಂದು ಬರೆದರೆ, ಮುಂದಿನ ಅರ್ಧದಲ್ಲಿ ಹೇರಿದ ಸಾಮಾನಿನ ತೂಕ ಅಂದುಕೊಳ್ಳಬಹುದು ಅಲ್ವಾ? ಅದಕ್ಕೇ ‘ಮೂಕಿ ಭಾರ’ದ ಕಡೆ ನನ್ನ ಒಲವು. ಮೂಕಿ ಎಂದರೆ ಎತ್ತಿನ ಗಾಡಿಯಿಂದ ಮುಂದಕ್ಕೆ ಚಾಚಿ ನೊಗಕ್ಕೆ ಸೇರುವ ಉದ್ದನೆಯ ದಂಡ. ಎತ್ತಿನ ಗಾಡಿಯಲ್ಲೂ ಅಚ್ಚಿನ ಮುಂದೆ ಹೆಚ್ಚು ಹೇರಿದರೆ ಮೂಕಿ ತಗ್ಗಿ ನೊಗ ಹೆಗಲನ್ನು ಒತ್ತುತ್ತದೆ. ಹಿಂದೆ ಹೇರಿದರೆ ಮೂಕಿ ಮೇಲೆದ್ದು ಎತ್ತಿನ ಕೊರಳ ಹಗ್ಗ ಬಿಗಿಯುತ್ತದೆ. ಇದು ಬರೀ ಹೋಲಿಕೆಯಲ್ಲ, ಎರಡರಲ್ಲೂ ನಡೆಯುವ ಕೆಲಸವೇ ಒಂದು. ಹಾಗಿದ್ದಾಗ ಟ್ರೈಲರಿನಿಂದ ಮುಂದಕ್ಕೆ ಚಾಚಿರುವ ಎಳೆಯುವ ದಂಡಕ್ಕೂ, ಅಂದರೆ ‘ಡ್ರಾ ಬಾರ್’ಗೂ, ಮೂಕಿ ಅಂದುಬಿಡಬಹುದು. ಮೂಕಿ ಎಂದರೆ ಮರದ್ದೇ ಆಗಬೇಕು ಎಂದು ನಿಮ್ಮ ಕಡೆ ಅನ್ನಿಸುತ್ತದೆಯೇ? ಉತ್ತರ ಕರ್ನಾಟಕದವರು ಗಾಡಿಯ ಈ ಭಾಗಕ್ಕೆ ಏನನ್ನುತ್ತೀರಿ?

ಇನ್ನು ಕ್ರಿಯಾಪದ. ‘ಗಾಡಿ ಕಟ್ಟು’, ‘ಗಾಡಿ ಹೂಡು’ ಎರಡೂ ನಮ್ಮಲ್ಲಿವೆ. ಆದರೆ ‘ಕಾರಿಗೆ ಟ್ರೈಲರ್ ಕಟ್ಟಿ’ ಅಂದರೆ ಹಗ್ಗದಲ್ಲಿ ಕಟ್ಟಿದ ಹಾಗೆ ಕೇಳುತ್ತದೆ. ಇಲ್ಲಿ ಎರಡು ಬೇರೆ ಕೆಲಸಗಳಿವೆ. ಟೋ ಬಾರನ್ನು, ಅಂದರೆ ಆ ಗುಂಡನ್ನು ಹೊತ್ತ ಕಬ್ಬಿಣದ ಚೌಕಟ್ಟನ್ನು, ಕಾರಿಗೆ ಒಂದೇ ಸಲ ಬೋಲ್ಟ್ ಹಾಕಿ ಕೂರಿಸುವುದು ಒಂದು. ಮೈನರಿಗೆ ಬೇರೆ ಚಾಸಿ (ಅಡಿಯ ಗಟ್ಟಿ ಚೌಕಟ್ಟು) ಇಲ್ಲ, ಒಡಲೇ ಚಾಸಿಯ ಕೆಲಸ ಮಾಡುತ್ತದೆ. ಡಿಕ್ಕಿಯ ತೆಳು ತಗಡೊಂದಕ್ಕೇ ಬೋಲ್ಟ್ ಹಾಕಿದರೆ ಹರಿದೀತು. ತುಕ್ಕು ನೋಡಿ, ದಪ್ಪ ಪಟ್ಟಿ ಕೊಟ್ಟು, ಗಟ್ಟಿ ಭಾಗಗಳಿಗೆ ಭಾರ ಹಂಚಬೇಕು. ಇದಕ್ಕೆ ‘ಕೂರಿಸು’ ಎಂದು ಬರೆದಿದ್ದೇನೆ. ಹೊರಡುವಾಗಲೆಲ್ಲ ಟ್ರೈಲರನ್ನು ಆ ಕಬ್ಬಿಣದ ಗುಂಡಿಗೆ ಸೇರಿಸುವುದು ಇನ್ನೊಂದು, ಅದಕ್ಕೆ ‘ಸಿಕ್ಕಿಸು’. ಎರಡಕ್ಕೂ ‘ಜೋಡಿಸು’ ಅಂದರೆ ಓದುಗರಿಗೆ ಯಾವ ಕೆಲಸ ಎಂದೇ ತಿಳಿಯುವುದಿಲ್ಲ. ನಿಮ್ಮೂರಿನ ಟ್ರ್ಯಾಕ್ಟರ್ ಚಾಲಕರು ಏನು ಹೇಳುತ್ತಾರೆ ಎಂದು ಕೇಳಿ ತಿಳಿಸಿದರೆ ದೊಡ್ಡ ಉಪಕಾರ.

ಕೊನೆಯದೊಂದು ಸಣ್ಣ ಪ್ರಶ್ನೆ. ಹೊಸದಾಗಿ ಮಾಡಿದ, ಆದರೆ 1950ರ ದಶಕದ ಗುಂಡನೆಯ ಮಡ್‌ಗಾರ್ಡು, ಚಿಕ್ಕ ದೀಪಗಳಿರುವ ಟ್ರೈಲರಿಗೆ ‘ಹಳೆಯ ಟ್ರೈಲರ್’ ಅಂದರೆ ತಪ್ಪಾಗುತ್ತದೆ. ‘ಆ ಕಾಲದ ಧಾಟಿಯ ಟ್ರೈಲರ್’ ಎಂದಿದ್ದೇನೆ. ಇದಕ್ಕಿಂತ ಚಿಕ್ಕದು ಯಾರಿಗಾದರೂ ಹೊಳೆಯುತ್ತದೆಯೇ?