ಪ್ರಚಾರಕ್ಕೆ ಒಂದು ಲಕ್ಷ ಇದೆ: ರೇಡಿಯೋನಾ, ವಿಡಿಯೋನಾ, ವಾಟ್ಸಾಪಾ?

ಪ್ರಶ್ನೆ: ಹುಮನಾಬಾದ್ ಕಡೆಯ ಮಹಿಳಾ ಒಕ್ಕೂಟದಿಂದ

ಎಲ್ಲರಿಗೂ ನಮಸ್ಕಾರ. ನಮ್ಮದು ಬೀದರ್ ಜಿಲ್ಲೆಯ ಸ್ವಸಹಾಯ ಸಂಘಗಳ ಸಣ್ಣ ಒಕ್ಕೂಟ. ಸಂಘದ ಹೆಣ್ಣುಮಕ್ಕಳು ಬಹುತೇಕ ಎರಡು ಮೂರು ಎಕರೆಯಲ್ಲಿ ತೊಗರಿ ಹಾಕುವವರು. ನಮಗೆ ಎರಡು ಕೆಲಸ ಆಗಬೇಕಿದೆ. ಒಂದು, ಗಿಡ ಒಣಗಿಸುವ ನೆಟೆ ರೋಗದ ಕಾಟ. ಬಿತ್ತುವ ಮೊದಲು ಟ್ರೈಕೋಡರ್ಮಾ (ರೋಗ ತಡೆಯುವ ಶಿಲೀಂಧ್ರದ ಪುಡಿ) ಹಾಕಿ ಬೀಜೋಪಚಾರ ಮಾಡಿ ಅಂತ ಎಷ್ಟು ಹೇಳಿದರೂ ಮಾಡುವವರು ಕಡಿಮೆ. ಇನ್ನೊಂದು, ರಾಶಿ ಆದ ಕೂಡಲೇ ತೊಗರಿಯನ್ನು ದಲ್ಲಾಳಿಯ ಅಡತಿ ಅಂಗಡಿಗೆ ಹಾಕುವ ಬದಲು, ಬೇಳೆ ಮಾಡಿ ನಾವೇ ಮಾರೋಣ ಅನ್ನೋ ಯೋಚನೆ. ಅದಕ್ಕೆ ಎಲ್ಲ ಊರಿನವರೂ ಸೇರಬೇಕು.

ಪ್ರಚಾರಕ್ಕೆ ಅಂತ ಒಂದು ಲಕ್ಷ ರೂಪಾಯಿ ತೆಗೆದಿಟ್ಟಿದ್ದೇವೆ. ಕರಪತ್ರ ಹಂಚಿದ್ದಾಯ್ತು. ಅದರಲ್ಲಿ ಚುರುಮುರಿ ಕಟ್ಟಿಕೊಡುವುದನ್ನು ಕಣ್ಣಾರೆ ನೋಡಿದೆ. ಈಗ ಒಬ್ಬರು ನಮ್ಮದೇ ರೇಡಿಯೋ ಮಾಡೋಣ ಅಂತಾರೆ, ಇನ್ನೊಬ್ಬರು ಯೂಟ್ಯೂಬ್ ಚಾನೆಲ್ ಅಂತಾರೆ. ಹುಡುಗರಿಗೆ ವಾಟ್ಸಾಪ್ ಸಾಕು. ನೀವೆಲ್ಲ ಮಾಡಿ ನೋಡಿದವರು. ಯಾವುದರಿಂದ ಕೆಲಸ ಆಯ್ತು, ಯಾವುದು ದುಡ್ಡು ದಂಡ, ಸ್ವಲ್ಪ ಹೇಳಿ.

ಬೀದರ್, ಸಂಸ್ಥೆಯೊಂದರಲ್ಲಿ ಕೆಲಸ ಮಾಡುವವರು

ಅಕ್ಕಾ, ರೇಡಿಯೋ ಬಗ್ಗೆ ನಾನು ಹೇಳ್ತೀನಿ. ನಿಮ್ಮ ಪಕ್ಕದಲ್ಲೇ, ತೆಲಂಗಾಣದ ಜಹೀರಾಬಾದ್ ಹತ್ತಿರದ ಮಾಚನೂರಿನಲ್ಲಿ ಸಂಘಂ ರೇಡಿಯೋ ಇದೆ. ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಅನ್ನೋ ಸಂಸ್ಥೆಯದ್ದು. ನಡೆಸುವವರು ದಲಿತ ಹೆಣ್ಣುಮಕ್ಕಳು. ಕಟ್ಟಡ, ಉಪಕರಣ ಎಲ್ಲ 1998ರಲ್ಲೇ ಸಿದ್ಧವಾಗಿತ್ತು. ಆದರೆ ಆಗ ಸಂಘ ಸಂಸ್ಥೆಗಳಿಗೆ ಲೈಸೆನ್ಸೇ ಕೊಡುತ್ತಿರಲಿಲ್ಲ. ಗಾಳಿಯಲ್ಲಿ ಹೋಗುವ ತರಂಗ ಸಾರ್ವಜನಿಕರ ಆಸ್ತಿ ಅಂತ ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದ್ದರೂ, ಸಂಸ್ಥೆಗಳಿಗೆ ಬಾಗಿಲು ತೆರೆದಿದ್ದು 2006ರ ಕೊನೆಗೆ. ಮಾಚನೂರಿನವರು ಎಫ್‌ಎಂ 90.4ರಲ್ಲಿ ಪ್ರಸಾರ ಶುರು ಮಾಡಿದ್ದು 2008ರ ಅಕ್ಟೋಬರ್‌ನಲ್ಲಿ. ಅಷ್ಟು ವರ್ಷ ಆ ಹೆಣ್ಣುಮಕ್ಕಳು ಸುಮ್ನೆ ಕೂತಿರಲಿಲ್ಲ. ಕ್ಯಾಸೆಟ್‌ನಲ್ಲಿ ರೆಕಾರ್ಡ್ ಮಾಡಿ ಸಂಘದ ಸಭೆಗಳಲ್ಲಿ ಕೇಳಿಸುತ್ತಿದ್ದರು. ಇದನ್ನು ಗಮನಿಸಿ: ಲೈಸೆನ್ಸ್ ಬರುವುದಕ್ಕಿಂತ ಮುಂಚೆಯೇ ರೇಡಿಯೋ ಕೆಲಸ ಮಾಡುತ್ತಿತ್ತು.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ಸಮುದಾಯ ರೇಡಿಯೋಗೆ 100 ವ್ಯಾಟ್ ಮಿತಿ. ಬಯಲು ಸೀಮೆಯಲ್ಲಿ ಸುತ್ತ ಹತ್ತು ಕಿಲೋಮೀಟರ್ ಚೆನ್ನಾಗಿ ಕೇಳಿಸಿದರೆ ಪುಣ್ಯ. ನಿಮ್ಮ ಊರುಗಳು ಅದರೊಳಗೆ ಬರುತ್ತವಾ? ಅರ್ಜಿ ಹಾಕುವ ಸಂಸ್ಥೆ ನೋಂದಣಿಯಾಗಿ ಮೂರು ವರ್ಷ ಆಗಿರಬೇಕು. ಸ್ವಂತ ಸುದ್ದಿ ಓದುವಂತಿಲ್ಲ, ಆಕಾಶವಾಣಿಯ ಸುದ್ದಿಯನ್ನು ಇದ್ದ ಹಾಗೆ ಮರುಪ್ರಸಾರ ಮಾಡಬಹುದು ಅಷ್ಟೆ. ಜಾಹೀರಾತಿಗೆ 2024ರಿಂದ ಗಂಟೆಗೆ 12 ನಿಮಿಷ ಬಿಟ್ಟಿದ್ದಾರೆ. ಹಳ್ಳಿ ಕಡೆ ಜಾಹೀರಾತು ಕೊಡುವವರು ಯಾರು ಅನ್ನೋದು ಬೇರೆ ಮಾತು. ಒಂದು ಲಕ್ಷ ಎಲ್ಲಿಗೂ ಸಾಲದು. ಇನ್ನೂ ದೊಡ್ಡ ತಲೆನೋವು ಅಂದ್ರೆ ರೇಡಿಯೋ ದಿನಾ ಮಾತಾಡಬೇಕು. ಎರಡು ವಿಷಯ ಹೇಳೋಕೆ ರೇಡಿಯೋ ಯಾಕೆ? ಹಾಡು, ಮದುವೆ, ಬಸ್ಸು, ಬಾಣಂತನ, ಬೀಜ ಎಲ್ಲದರ ಬಗ್ಗೆ ವರ್ಷವಿಡೀ ಮಾತಾಡುವ ಜನ ಇದ್ದರೆ ಮಾತ್ರ ಅದಕ್ಕೆ ಕೈಹಾಕಿ.

ಒಂದು ದಿನ ಮಾಚನೂರಿಗೆ ಹೋಗಿ ಬನ್ನಿ ಅನ್ನೋದು ನನ್ನ ಸಲಹೆ. ಅಲ್ಲಿಯ ಹೆಣ್ಣುಮಕ್ಕಳು ವಿಡಿಯೋ ಕೂಡ ಮಾಡುತ್ತಾರೆ. ಕ್ಯಾಮೆರಾ ಮೇಲಿನಿಂದ ಕೆಳಗೆ ನೋಡಿದರೆ ಅವರು ಅದನ್ನು ಪಟೇಲ್ ಶಾಟ್ ಅಂತಾರೆ. ಕಣ್ಣಿಗೆ ಕಣ್ಣು ಸಮ ಇಟ್ಟು ತೆಗೆದರೆ ಸಂಘಂ ಶಾಟ್. ಆ ಸಂಸ್ಥೆ ಕಟ್ಟಿದ ಪಿ.ವಿ. ಸತೀಶ್ ಹುಟ್ಟಿದ್ದು ಮೈಸೂರಿನಲ್ಲಿ, ದೂರದರ್ಶನದಲ್ಲಿ ಕೆಲಸ ಮಾಡಿ ಬಂದವರು. 2023ರಲ್ಲಿ ತೀರಿಕೊಂಡರು.

ಸೇಡಂ, ನಿವೃತ್ತ ಶಿಕ್ಷಕರು

ದೂರದರ್ಶನ ಅಂದ ಕೂಡಲೇ ಹಳೆಯದು ನೆನಪಾಯಿತು. ಇಂದಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ, ಹಳ್ಳಿಗೆ ಟಿವಿ ಮೂಲಕ ಕೃಷಿ, ಆರೋಗ್ಯ ಕಲಿಸುವ ಪ್ರಯೋಗ ನಮ್ಮ ಕಡೆಯೇ ನಡೆದಿತ್ತು. 1975ರ ಆಗಸ್ಟ್‌ನಿಂದ ಒಂದು ವರ್ಷ, ಅಮೆರಿಕದ ಉಪಗ್ರಹವೊಂದನ್ನು ಎರವಲು ಪಡೆದು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಕೊಟ್ಟರು. 'ಸೈಟ್' ಅಂತ ಕರೆಯುತ್ತಿದ್ದರು. ಕರ್ನಾಟಕದಲ್ಲಿ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳಿಗೆ ಬಂತು. ಬೆಂಗಳೂರಿನಲ್ಲಿ ಟಿವಿ ಇಲ್ಲದ ಕಾಲ ಅದು!

ಶಾಲೆಯ ಮಾಳಿಗೆ ಮೇಲೆ ಹತ್ತು ಅಡಿ ಅಗಲದ ಬುಟ್ಟಿಯಂಥ ಆಂಟೆನಾ, ಕೋಳಿ ಗೂಡಿಗೆ ಹಾಕುವ ತಂತಿ ಜಾಲರಿಯದ್ದು. ಬೆಳಿಗ್ಗೆ ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ಮೊದಮೊದಲು ಜಾತ್ರೆಯ ಹಾಗೆ ಜನ. ಆಮೇಲೆ ಇಳಿಯಿತು. ಕಾರಣ ನನಗೆ ತಿಳಿದ ಮಟ್ಟಿಗೆ ಇಷ್ಟೆ: ನಮಗೆ ಬರುವ ಕನ್ನಡ ಕಾರ್ಯಕ್ರಮ ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ. ಟಿವಿಯಲ್ಲಿ ಒಂದು ಗೊಬ್ಬರದ ಮಾತು ಬಂದರೆ, ಮರುದಿನ 'ಇದು ನಮ್ಮ ಎರೆ ಹೊಲಕ್ಕೆ ನಡೀತದ?' ಅಂತ ಕೇಳೋಕೆ ಊರಲ್ಲಿ ಯಾರೂ ಇರುತ್ತಿರಲಿಲ್ಲ. ಎಲ್ಲರೂ ನನ್ನನ್ನು ಕೇಳುತ್ತಿದ್ದರು. ನಾನು ಗಣಿತದ ಮೇಷ್ಟ್ರು! ವರ್ಷ ಮುಗಿಯಿತು, ಉಪಗ್ರಹ ಹೋಯಿತು. ಗುಲಬರ್ಗಾದಲ್ಲಿ ಟ್ರಾನ್ಸ್‌ಮಿಟರ್ ಬಂದದ್ದು 1977ರಲ್ಲಿ.

ಅದಕ್ಕಿಂತ ಹಿಂದೆ, 1956ರಲ್ಲಿ, ಪುಣೆ ಆಕಾಶವಾಣಿಯವರು ಸುಮಾರು 150 ಹಳ್ಳಿಗಳಲ್ಲಿ ಇನ್ನೊಂದು ತರಹ ಮಾಡಿದ್ದರು. ಊರಿನ ಹತ್ತಿಪ್ಪತ್ತು ಜನ ಒಟ್ಟಿಗೆ ಕೂತು ರೇಡಿಯೋ ಕೇಳುವುದು. ಮುಗಿದ ಮೇಲೆ ಅದರ ಬಗ್ಗೆ ಚರ್ಚೆ. ತಿಳಿಯದ್ದನ್ನು ಬರೆದು ಕೇಂದ್ರಕ್ಕೆ ಕಳಿಸಿದರೆ, ಮುಂದೆ ರೇಡಿಯೋದಲ್ಲೇ ಉತ್ತರ. ಇದೇ ಸರಿಯಾದ ದಾರಿ ಅಂತ ನನಗೆ ಅನಿಸುತ್ತದೆ. ಯಂತ್ರ ಯಾವುದಾದರೂ ಇರಲಿ, ಕೇಳಿದ ಮೇಲೆ ಕೂತು ಮಾತಾಡಲು ಜನ ಬೇಕು, ತಿರುಗಿ ಪ್ರಶ್ನೆ ಕೇಳಲು ದಾರಿ ಬೇಕು. ನಿಮ್ಮ ಸಂಘದ ವಾರದ ಸಭೆ ಇದೆಯಲ್ಲ, ಅದಕ್ಕಿಂತ ಒಳ್ಳೆ ಜಾಗ ಎಲ್ಲಿ ಸಿಗುತ್ತದೆ?

ಯಾದಗಿರಿಯಿಂದ ಒಬ್ಬರು

ಎಲ್ಲ ಸರಿ. ಮೊದಲು ಟ್ರೈಕೋಡರ್ಮಾ ಎಲ್ಲಿ ಸಿಗುತ್ತದೆ ಹೇಳಿ. ಜೂನ್‌ನಲ್ಲಿ ಮಳೆ ಬಿದ್ದ ದಿನ ರೈತ ಸಂಪರ್ಕ ಕೇಂದ್ರಕ್ಕೆ ಹೋದರೆ 'ಸ್ಟಾಕ್ ಇಲ್ಲ' ಅನ್ನೋ ಉತ್ತರ ಬಂದರೆ, ನಿಮ್ಮ ಒಂದು ಲಕ್ಷದ ಪ್ರಚಾರ ಅಲ್ಲೇ ಮುಗೀತು. ಮುಂದಿನ ವರ್ಷ ನಿಮ್ಮ ಮಾತು ಯಾರೂ ಕೇಳಲ್ಲ. ಪ್ರಚಾರದ ದುಡ್ಡಲ್ಲೇ ಸ್ವಲ್ಪ ತೆಗೆದು ಪೊಟ್ಟಣ ತಂದು ಸಂಘದ ಮನೆಯಲ್ಲಿ ಇಡಿ. ತಯಾರಿಕೆ ದಿನಾಂಕ ನೋಡಿ ತನ್ನಿ. ಅದು ಜೀವ ಇರುವ ವಸ್ತು, ಹಳೆಯದಾದರೆ ಬರೀ ಪುಡಿ.

ಹುಮನಾಬಾದ್ ಒಕ್ಕೂಟ

ಸರ್, ಇದು ನಮ್ಮ ತಲೆಗೆ ಹೊಳೆದೇ ಇರಲಿಲ್ಲ. ಬರೆದುಕೊಂಡೆ. ಮೇಷ್ಟ್ರೇ, ಓದಿ ಖುಷಿಯಾಯಿತು. ಇನ್ನೊಂದು ವಿಷಯ ಹೇಳಬೇಕಿತ್ತು. ನಮ್ಮಲ್ಲಿ ಬಹಳ ಹೆಣ್ಣುಮಕ್ಕಳ ಕೈಯಲ್ಲಿ ಸ್ವಂತ ಫೋನ್ ಇಲ್ಲ. ಇದ್ದರೂ ಅದು ಮಗನ ಹತ್ತಿರ. ಹಾಗಾಗಿ ವಾಟ್ಸಾಪ್ ಅಂದ್ರೆ ನನಗೆ ಅನುಮಾನ.

ಶಿರಸಿ, ಅಡಿಕೆ-ಬಾಳೆ ಬೆಳೆಗಾರ್ತಿ

ಅನುಮಾನ ಸರಿಯೇ. ಆದರೂ ವಾಟ್ಸಾಪ್ ನಮ್ಮ ಕಡೆ ಏನು ಮಾಡಿತು ಅಂತ ಹೇಳಿಬಿಡುತ್ತೇನೆ, ಆಮೇಲೆ ನೀವೇ ಅಳೆದು ನೋಡಿ.

2021ರಲ್ಲಿ, ಲಾಕ್‌ಡೌನ್ ಹೊತ್ತಿಗೆ, ಬಾಳೆಕಾಯಿಯನ್ನು ಕೇಳುವವರಿಲ್ಲ. ಕೊಯ್ದ ಕೂಲಿಯೂ ಹುಟ್ಟದ ರೇಟು. ಆಗ 'ಅಡಿಕೆ ಪತ್ರಿಕೆ' ಅನ್ನೋ ಕೃಷಿ ಪತ್ರಿಕೆಯ ಶ್ರೀ ಪಡ್ರೆ ಅವರು ಬಾಳೆಕಾಯಿ ಹುಡಿ ಮಾಡಿ ಅಂತ ಹಿಡಿದು ಕೂತರು. ಅದಕ್ಕೆ 'ಬಾಕಾಹು' ಅಂತ ಪುಟ್ಟ ಹೆಸರಿಟ್ಟರು. ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಹುಡಿ ಮಾಡಿ ಫೋಟೋ ಹಾಕಿದರೆ, ಸಂಜೆಯೊಳಗೆ ಇನ್ನೊಬ್ಬರು ಅದರ ದೋಸೆ ಹಾಕುತ್ತಿದ್ದರು, ಮತ್ತೊಬ್ಬರು ಗುಲಾಬ್ ಜಾಮೂನು. ಮಳೆಗಾಲ, ಬಿಸಿಲೇ ಇಲ್ಲ, ಒಣಗಿಸುವುದು ಹೇಗೆ ಅಂತ ನಾನು ಕೇಳಿದೆ. ಅಡಿಕೆ ಡ್ರೈಯರ್ ಇದ್ದರೆ ಅದರಲ್ಲೇ ಹಾಕಿ ಅಂತ ಉತ್ತರ ಬಂತು. ಹೋಳು ಕಪ್ಪಾದರೆ ಏನು ಮಾಡಬೇಕು, ಎಷ್ಟು ಒಣಗಿದರೆ ಮಿಲ್ಲಿಗೆ ಕೊಡಬಹುದು, ಮುರಿದರೆ 'ಟಕ್' ಅನ್ನಬೇಕು, ಹೀಗೆ. ಹೇಳುವವರೆಲ್ಲ ಅಡುಗೆಮನೆಯಲ್ಲಿ ಕೈ ಅಂಟು ಮಾಡಿಕೊಂಡವರು. ಅದೇ ವರ್ಷ ಜುಲೈನಲ್ಲಿ ಪ್ರಧಾನಿ 'ಮನ್ ಕೀ ಬಾತ್'ನಲ್ಲಿ ಉತ್ತರ ಕನ್ನಡ, ದಕ್ಷಿಣ ಕನ್ನಡದ ಹೆಣ್ಣುಮಕ್ಕಳ ಈ ಕೆಲಸದ ಬಗ್ಗೆ ಹೇಳಿದರು.

ಇದು ಸುಮ್ನೆ ಒಂದು ಗುಂಪು ಮಾಡಿದ್ದರಿಂದ ಆದದ್ದಲ್ಲ. ಅಡಿಕೆ ಪತ್ರಿಕೆ ಪುತ್ತೂರಿನಿಂದ 1988ರಲ್ಲಿ ಶುರುವಾಯಿತು. ಮೊದಲಿನಿಂದಲೂ ಅವರ ಮಾತು ಒಂದೇ, ಕೃಷಿಕರ ಕೈಗೆ ಲೇಖನಿ. ಶಿಬಿರ ಮಾಡಿ ಬೆಳೆಗಾರರಿಗೆ ಬರೆಯೋದು ಕಲಿಸಿದರು. ಲೇಖನದ ಕೊನೆಗೆ ಆ ಕೃಷಿಕರ ಫೋನ್ ನಂಬರ್ ಇರುತ್ತದೆ, ಯಾರು ಬೇಕಾದರೂ ಫೋನ್ ಮಾಡಿ ಬಯ್ಯಬಹುದು! ಅಷ್ಟು ವರ್ಷದ ನಂಬಿಕೆ ಹಿಂದೆ ಇತ್ತು. ನಿನ್ನೆ ಮಾಡಿದ ಗುಂಪಿನಲ್ಲಿ ಗುಡ್ ಮಾರ್ನಿಂಗ್ ಹೂವು ಬಿಟ್ಟು ಬೇರೇನೂ ಬರಲ್ಲ.

ನಿಮ್ಮಲ್ಲಿ ಪ್ರತಿ ಊರಿಗೆ ಒಬ್ಬಳ ಹತ್ತಿರವಾದರೂ ಫೋನ್ ಇದ್ದೀತು. ಅಂಥವರದ್ದಷ್ಟೇ ಗುಂಪು ಮಾಡಿ. ಟೈಪ್ ಮಾಡಿಸಬೇಡಿ, ಮಾತಾಡಿ ಕಳಿಸಲಿ. ಅವರು ಸಭೆಯಲ್ಲಿ ಎಲ್ಲರಿಗೂ ಕೇಳಿಸಲಿ.

ಕೊಪ್ಪಳ, ಹಳ್ಳಿಗಳಲ್ಲಿ ವಿಡಿಯೋ ತೋರಿಸುವ ಕೆಲಸ ಮಾಡಿದವರು

ಬೀಜೋಪಚಾರಕ್ಕೆ ವಿಡಿಯೋನೇ ಸೈ. ಅದು ಕೈಯ ಕೆಲಸ, ನೋಡಿ ಕಲಿಯಬೇಕು. ಆದರೆ ಯೂಟ್ಯೂಬ್ ಚಾನೆಲ್ ಬೇಡ. ಡಿಜಿಟಲ್ ಗ್ರೀನ್ ಅಂತ ಒಂದು ಸಂಸ್ಥೆ ಇದೆ, 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ಹುಟ್ಟಿದ್ದು, ಮೊದಲ ಪ್ರಯೋಗ ಕರ್ನಾಟಕದ ಹಳ್ಳಿಗಳಲ್ಲೇ. ಅವರ ರೀತಿ ಸರಳ. ಊರಿನ ರೈತರನ್ನೇ ಇಟ್ಟು ಸಣ್ಣ ವಿಡಿಯೋ ಮಾಡುವುದು, ಪುಟ್ಟ ಪ್ರೊಜೆಕ್ಟರ್‌ನಲ್ಲಿ ಸಂಘದ ಸಭೆಯಲ್ಲಿ ತೋರಿಸುವುದು, ತೋರಿಸುವವರೂ ಊರಿನವರೇ ಆಗಿರುವುದು.

ನಾವು ಮಾಡಿದಾಗ ಪರದೆ ಮೇಲೆ ಮುಖ ಬಂದ ಕೂಡಲೇ ಬರುತ್ತಿದ್ದ ಮೊದಲ ಪ್ರಶ್ನೆ 'ಯಾವೂರಾಕಿ ಆಕಿ?' ಪಕ್ಕದ ಊರಿನವಳು ಅಂತ ಗೊತ್ತಾದರೆ ಎಲ್ಲರೂ ಮುಂದೆ ಸರಿದು ಕೂರುತ್ತಿದ್ದರು. ಸೂಟು ಬೂಟಿನ ಸಾಹೇಬರು ಬಂದರೆ ಹಿಂದಿನ ಸಾಲಿನಲ್ಲಿ ಬೇರೆ ಮಾತು ಶುರು.

ಹೀಗೆ ಮಾಡಿ. ನಿಮ್ಮ ಸಂಘದಲ್ಲಿ ಬೀಜೋಪಚಾರ ಮಾಡಿ ತೊಗರಿ ಉಳಿಸಿಕೊಂಡ ಒಬ್ಬಳನ್ನು ಹುಡುಕಿ. ಅವಳ ಅಂಗಳದಲ್ಲೇ ತೆಗೆಯಿರಿ. ಗೋಣಿ ಚೀಲ ಹಾಸಿ ಬೀಜ ಸುರಿಯುವುದು, ಸ್ವಲ್ಪ ನೀರು ಚಿಮುಕಿಸುವುದು, ಪೊಟ್ಟಣ ಹರಿದು ಪುಡಿ ಉದುರಿಸುವುದು, ಎರಡೂ ಕೈಯಲ್ಲಿ ಹೊರಳಿಸುವುದು. ಪ್ರತಿ ಕಾಳಿಗೂ ಪುಡಿ ಹತ್ತಿದ್ದನ್ನು ಹತ್ತಿರದಿಂದ ತೋರಿಸಿ. ಆಮೇಲೆ ನೆರಳಲ್ಲಿ ಆರಿಸುವುದು. ನೆರಳು ಅನ್ನೋದನ್ನು ಒತ್ತಿ ಹೇಳಿಸಿ, ಯಾಕಂದ್ರೆ ಎಲ್ಲರೂ ಬಿಸಿಲಿಗೆ ಹಾಕುತ್ತಾರೆ. ಎಷ್ಟು ಪುಡಿ ಅಂತ ಗ್ರಾಂ ಲೆಕ್ಕ ಬೇಡ, ಪೊಟ್ಟಣದ ಮೇಲಿನ ಅಳತೆ ನೋಡಿ, ಅವರ ಮನೆಯ ಚಮಚದಲ್ಲಿ ಎಷ್ಟಾಗುತ್ತದೆ ಅಂತ ತೋರಿಸಿ. ಎಂಟು ಹತ್ತು ನಿಮಿಷ ಸಾಕು. ತೋರಿಸುವಾಗ ನಡುವೆ ನಿಲ್ಲಿಸಿ 'ಈಗ ಏನು ಮಾಡಿದಳು?' ಅಂತ ಕೇಳಿ. ಎದ್ದ ಪ್ರಶ್ನೆಗಳನ್ನು ಬರೆದಿಡಿ. ಉತ್ತರ ಗೊತ್ತಿಲ್ಲದಿದ್ದರೆ ಸಭೆಯಿಂದಲೇ ಕಿಸಾನ್ ಕಾಲ್ ಸೆಂಟರ್‌ಗೆ ಸ್ಪೀಕರ್ ಹಾಕಿ ಫೋನ್ ಮಾಡಿ. 1800-180-1551, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಕಲಬುರಗಿ, ರೈತ ಉತ್ಪಾದಕರ ಕಂಪನಿಯ ಲೆಕ್ಕ ನೋಡುವವರು

ನಿಮ್ಮ ಎರಡನೇ ಕೆಲಸದ ಬಗ್ಗೆ ಯಾರೂ ಹೇಳಿಲ್ಲ. ಬೇಳೆ ವಿಷಯಕ್ಕೆ ವಿಡಿಯೋ, ನಾಟಕ, ಹಾಡು ಯಾವುದೂ ಬೇಡ. ಅದು ದುಡ್ಡಿನ ಮಾತು. ಅಡತಿ ಅಂಗಡಿಯವನು ಕೈಗೆ ನಗದು ಕೊಡ್ತಾನೆ, ಕಷ್ಟಕ್ಕೆ ಮುಂಗಡ ಕೊಡ್ತಾನೆ. ನೀವು ಯಾವಾಗ ಕೊಡ್ತೀರಿ? ಇದಕ್ಕೆ ಉತ್ತರ ಇಲ್ಲದೆ ಎಷ್ಟು ಪ್ರಚಾರ ಮಾಡಿದರೂ ಚೀಲ ಬರಲ್ಲ. ಕೂತು ಲೆಕ್ಕ ಬಿಚ್ಚಿ. ಒಂದು ಕ್ವಿಂಟಲ್ ತೊಗರಿಗೆ ಎಷ್ಟು ಬೇಳೆ ಬಂತು, ಮಿಲ್ಲಿಗೆ ಎಷ್ಟು, ಚೀಲಕ್ಕೆ ಎಷ್ಟು, ಹೊಟ್ಟು ಎಷ್ಟಕ್ಕೆ ಹೋಯ್ತು. ಪಂಚಾಯ್ತಿ ಗೋಡೆ ಮೇಲೆ ಬರೆಸಿ. ಗೋಡೆ ಬರಹ ಚುರುಮುರಿ ಪೊಟ್ಟಣ ಆಗಲ್ಲ, ಅಲ್ವಾ? ಮೊದಲ ವರ್ಷ ಎಲ್ಲರನ್ನೂ ಕರೀಬೇಡಿ. ಹತ್ತು ಮನೆಯವರು ಒಂದೊಂದು ಚೀಲ ಕೊಡಲಿ. ಅವರಿಗೆ ಹೇಳಿದ ದಿನ ದುಡ್ಡು ಮುಟ್ಟಿದರೆ ಅವರೇ ಊರಿಗೆಲ್ಲ ಹೇಳ್ತಾರೆ.

ಕೊಳ್ಳುವವರಿಗೆ ಹೇಳುವುದು ಬೇರೆ ಕೆಲಸ. ಅಲ್ಲಿ ಯೂಟ್ಯೂಬ್, ಇನ್‌ಸ್ಟಾಗ್ರಾಂ ಎಲ್ಲ ನಡೆಯುತ್ತದೆ. ಊರ ಹುಡುಗರಿಗೆ ಅದನ್ನು ವಹಿಸಿ, ಖುಷಿಯಿಂದ ಮಾಡ್ತಾರೆ.

ಹುಮನಾಬಾದ್ ಒಕ್ಕೂಟ

ಎಲ್ಲರಿಗೂ ಶರಣು. ನಿನ್ನೆ ಕಮಿಟಿಯಲ್ಲಿ ಇದನ್ನೆಲ್ಲ ಓದಿ ಹೇಳಿದೆ. ರೇಡಿಯೋ ಕೈಬಿಟ್ಟೆವು, ಆದರೆ ಮಾಚನೂರಿಗೆ ಹೋಗುವುದು ಖಚಿತ. ಮೊದಲ ಖರ್ಚು ಟ್ರೈಕೋಡರ್ಮಾಕ್ಕೆ, ಆಮೇಲೆ ವಿಡಿಯೋ. ಬೇಳೆ ಲೆಕ್ಕದ ಬಗ್ಗೆ ಕಮಿಟಿಯಲ್ಲೇ ಜಗಳ ಆಯ್ತು, ಗೋಡೆ ಮೇಲೆ ಬರೆಸಲು ಇಬ್ಬರು ಒಪ್ಪುತ್ತಿಲ್ಲ. ಅವರನ್ನು ಒಪ್ಪಿಸುವುದು ನನ್ನ ಕೆಲಸ. ಕೊಪ್ಪಳದ ಅಣ್ಣಾ, ಪ್ರೊಜೆಕ್ಟರ್ ಕೊಳ್ಳಬೇಕಾ, ಬಾಡಿಗೆಗೆ ಸಿಗುತ್ತಾ? ಸಂಜೆ ಹೊತ್ತು ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳೋಕಾಗಲ್ಲ.

ಕೊಪ್ಪಳದವರು

ಬ್ಯಾಟರಿ ಇರುವ ಸಣ್ಣದೇ ತಗೊಳ್ಳಿ, ಕೈಚೀಲದಲ್ಲಿ ಹಿಡಿಸುವಂಥದ್ದು. ಪರದೆ ಕೊಳ್ಳಬೇಡಿ, ಸುಣ್ಣ ಹೊಡೆದ ಗೋಡೆ ಅಥವಾ ಬಿಳಿ ಪಂಚೆ ಸಾಕು. ಸ್ಪೀಕರ್ ಮಾತ್ರ ಬೇರೆಯದೇ ಇರಲಿ, ಪ್ರೊಜೆಕ್ಟರ್‌ನೊಳಗಿನದು ಹಿಂದೆ ಕೂತವರಿಗೆ ಕೇಳಿಸಲ್ಲ. ಮೇ ತಿಂಗಳೊಳಗೆ ಶೂಟಿಂಗ್ ಮುಗಿಸಿ. ಮಳೆ ಬಿದ್ದರೆ ವಿಡಿಯೋ ನೋಡೋಕೆ ಯಾರೂ ಕೂರಲ್ಲ.