ಹಳ್ಳದ ಹುಳು ಎಣಿಸಿ ನೀರಿನ ಗುಣ ನೋಡಿದವರು ಹೇಳಿ: ಯಾವ ಬಲೆ, ಯಾವ ಅಂಕಪಟ್ಟಿ?

ವಿಜ್ಞಾನ ಶಿಕ್ಷಕಿ, ಮೂಡಿಗೆರೆ ಕಡೆ
ಕಾಫಿ ಪಲ್ಪಿಂಗ್ (ಹಣ್ಣಿನ ಸಿಪ್ಪೆ ಸುಲಿದು ತೊಳೆಯೋದು) ಶುರುವಾದರೆ ನಮ್ಮೂರ ಹಳ್ಳ ನಾರುತ್ತೆ. ಬಾಟಲಿಯಲ್ಲಿ ಕಳಿಸಿದ ನೀರಿನ ರಿಪೋರ್ಟ್ ಮಾತ್ರ ಎರಡು ಸಲವೂ ಸರಿಯಿದೆ ಅಂತಲೇ ಬಂತು. ಪಲ್ಪರ್‌ನಿಂದ ಮೇಲೆ ಒಂದು ಜಾಗ, ಕೆಳಗೆ ಒಂದು ಜಾಗ ಆರಿಸಿಕೊಂಡು ಒಂಬತ್ತನೇ ಕ್ಲಾಸಿನ ಮಕ್ಕಳ ಜೊತೆ ಹುಳು ಎಣಿಸಬೇಕು ಅಂತಿದ್ದೇವೆ.

ಕಲ್ಲುಮಗುಚಿ
ಬಾಟಲಿಗೆ ಸಿಗೋದು ಆ ಗಳಿಗೆಯ ನೀರು. ರಾತ್ರಿ ಬಿಟ್ಟಿದ್ದು ಬೆಳಿಗ್ಗೆಗೆ ಹರಿದು ಹೋಗಿರುತ್ತೆ. ಕಲ್ಲಿನಡಿಯ ಮರಿಹುಳು ತಿಂಗಳುಗಟ್ಟಲೆ ಅಲ್ಲೇ ಇರುತ್ತೆ.

ನನ್ನ ಪಟ್ಟಿ ಬಿಎಂಡಬ್ಲ್ಯೂಪಿ: ಕೊಳೆ ತಡೆಯದ ಹುಳುಗಳ ಕುಟುಂಬಕ್ಕೆ ಹೆಚ್ಚು ಅಂಕ, ತಡೆಯುವುದಕ್ಕೆ ಕಮ್ಮಿ. ಪರ್ಲಿಡೇ (ಸ್ಟೋನ್‌ಫ್ಲೈ), ಹೆಪ್ಟಜೆನಿಡೇ (ಚಪ್ಪಟೆ ಮೇಫ್ಲೈ) 10, ಗಾಂಫಿಡೇ (ಏರೋಪ್ಲೇನ್ ಚಿಟ್ಟೆ) 8, ಹೈಡ್ರೋಸೈಕಿಡೇ (ಕ್ಯಾಡಿಸ್) 5, ಬೀಟಿಡೇ (ಮೇಫ್ಲೈ) 4, ಕೈರೊನೊಮಿಡೇ (ಕೆಂಪು ಹುಳುವಿನ ಕುಟುಂಬ) 2. ಒಟ್ಟು ಅಂಕವನ್ನು ಕುಟುಂಬಗಳ ಸಂಖ್ಯೆಯಿಂದ ಭಾಗಿಸಿ. ಒಂದೊಂದು ಜಾಗದಲ್ಲೂ ಗಡಿಯಾರ ಹಿಡಿದು 3 ನಿಮಿಷ ತಳ ಕೆದಕಬೇಕು, ಬಲೆಯ ಬಾಯಿ ಹರಿವಿಗೆ ಎದುರಾಗಿರಬೇಕು. ಸೊಳ್ಳೆ ಪರದೆ ಬೇಡವೇ ಬೇಡ. ಅದರ ಕಣ್ಣು 1 ಮಿ.ಮೀ.ಗಿಂತ ದೊಡ್ಡದು, ಸಣ್ಣ ಮೇಫ್ಲೈ ಮರಿಗಳೆಲ್ಲ ನುಸುಳಿಹೋಗಿ ಮೂರು ತಿಂಗಳ ಕೆಲಸ ನೀರುಪಾಲಾಯಿತು. 500 ಮೈಕ್ರಾನ್ ನೈಲಾನ್ ತನ್ನಿ.

ಹುಳು ಕೆಡದಂತೆ ಇಡುವ ಸ್ಪಿರಿಟ್ಟಿನಲ್ಲಿ ಉಳಿತಾಯ ಮಾಡಲು ಹೋಗಿ 18 ಜಾಡಿ ಕೊಳೆಸಿದ್ದೂ ಆಗಿದೆ. 70% ಸುರಿದಿದ್ದೆ. ಒದ್ದೆ ಎಲೆ, ಹುಳುವಿನ ಮೈನೀರು ಸೇರಿ ಅದು ತೆಳುವಾಗಿಬಿಡುತ್ತೆ. 95% ಬೇಕು, ಸರಕು ಅರ್ಧ ಜಾಡಿ ದಾಟಬಾರದು, ಮರುದಿನ ಸ್ಪಿರಿಟ್ ಬದಲಿಸಬೇಕು.

ಘಟ್ಟದ ಕೀಟ
ಬ್ರಿಟನ್ನಿನ ನದಿಗಳಿಗೆ ಮಾಡಿದ ಪಟ್ಟಿಯನ್ನು ಇನ್ನೂ ಎಷ್ಟು ವರ್ಷ ಹೊರುತ್ತೀರಿ ಸರ್? ಘಟ್ಟದ ಜರಿಗಳಲ್ಲಿ ಸಿಗುವ ಟೆಲಗನೋಡಿಡೇ ಮೇಫ್ಲೈಗೆ ಅದರಲ್ಲಿ ಅಂಕವೇ ಇಲ್ಲ. ನಮ್ಮ ಕಲ್ಲೇಡಿಗೂ ಇಲ್ಲ. ಅಲ್ಲಿ ಸ್ಟೋನ್‌ಫ್ಲೈ ಕುಟುಂಬಗಳು ಹಲವು, ಇಲ್ಲಿ ಹೆಚ್ಚಾಗಿ ಸಿಗೋದು ಪರ್ಲಿಡೇ ಒಂದೇ. ನಾನು ಹೆಚ್ಚಾಗಿ ಚೊಕ್ಕ ನೀರಲ್ಲೇ ಇರುವ ಮೇಫ್ಲೈ, ಸ್ಟೋನ್‌ಫ್ಲೈ, ಕ್ಯಾಡಿಸ್ ಮೂರನ್ನೇ ಎಣಿಸಿ, ಒಟ್ಟು ಹುಳುಗಳಲ್ಲಿ ಅವು ನೂರಕ್ಕೆಷ್ಟು ಅಂತ ಬರೆಯುತ್ತೇನೆ. ಮಕ್ಕಳಿಗೆ ಇಷ್ಟು ಸಾಕು: ಬಾಲದೆಳೆ ಮೂರಿದ್ದು ಹೊಟ್ಟೆಯ ಪಕ್ಕದಲ್ಲಿ ಕಿವಿರು ಅಲ್ಲಾಡಿದರೆ ಮೇಫ್ಲೈ. ಎಳೆ ಎರಡೇ ಇದ್ದು ಕಾಲ್ತುದಿಯಲ್ಲಿ ಎರಡು ಉಗುರಿದ್ದರೆ ಸ್ಟೋನ್‌ಫ್ಲೈ. ಎರಡೇ ಎಳೆಯ ಮೇಫ್ಲೈಗಳೂ ಇವೆ, ಅದಕ್ಕೇ ಉಗುರು ನೋಡದೆ ಬರೆಯಬಾರದು.

ಕಲ್ಲುಮಗುಚಿ
ನಿಮ್ಮ ನೂರಕ್ಕೆಷ್ಟು ಲೆಕ್ಕದಲ್ಲಿ ಹೈಡ್ರೋಸೈಕಿಡೇ ಕ್ಯಾಡಿಸ್ಸೂ ಸೇರುತ್ತಲ್ಲ? ಸ್ವಲ್ಪ ಕೊಳೆ ಬಂದರೆ ಬಲೆ ಕಟ್ಟಿ ಸೋಸಿ ತಿನ್ನುವ ಅವು ಇನ್ನೂ ಹೆಚ್ಚುತ್ತವೆ. ಕೊಳೆ ನೀರಿಗೆ ಒಳ್ಳೆ ಅಂಕ ಕೊಟ್ಟಂತಾಗುತ್ತೆ. ನಾನು ಹೋಲಿಸೋದು ಒಂದೇ ಹಳ್ಳದ ಮೇಲೆ ಕೆಳಗೆ, ಪಟ್ಟಿಯ ತಪ್ಪು ಎರಡೂ ಕಡೆಗೆ ಒಂದೇ.

ಘಟ್ಟದ ಕೀಟ
ಒಂದೇ ಹೇಗಾಗುತ್ತೆ? ಅಂಕವಿಲ್ಲದ ಕುಟುಂಬಗಳೆಲ್ಲ ಮೇಲಿನ ಚೊಕ್ಕ ನೀರಿನಲ್ಲೇ ಹೆಚ್ಚು. ನಿಮ್ಮ ಒಟ್ಟು ಅಂಕ ಕಮ್ಮಿಯಾಗೋದು ಅಲ್ಲೇ.

ಅರೇಬಿಕಾ ಬೆಳೆಗಾರ
ಹುಳು ಇಲ್ಲ ಅಂದರೆ ಸಾಕು, ಎಲ್ಲರ ಕೈ ಪಲ್ಪರ್ ಕಡೆಗೇ. ಎರಡು ಗುಂಡಿ ತೋಡಿಸಿ, ಮೂಟೆಗಟ್ಟಲೆ ಸುಣ್ಣ ಹಾಕಿ, ಪಿಎಚ್ 4ರಿಂದ 7ಕ್ಕೆ ತಂದು ಬಿಟ್ಟಿದ್ದೇನೆ. ಆದರೂ ಕೆಳಗೆ ಕೆಂಪು ಹುಳುವೇ. ನಡುವೆ ಹೋಮ್‌ಸ್ಟೇಯ ಬಚ್ಚಲು ನೀರು ಸೇರುತ್ತೆ, ಅದನ್ನು ಯಾರೂ ಕೇಳಲ್ಲ.

ಕಲ್ಲುಮಗುಚಿ
ಸುಣ್ಣ ಹುಳಿ ತೆಗೆಯುತ್ತೆ, ಕರಗಿದ ಸಕ್ಕರೆ ಹಾಗೇ ಇರುತ್ತೆ. ಅದು ಕೊಳೆಯುವಾಗ ಆಮ್ಲಜನಕ ಹೀರಿಕೊಳ್ಳುತ್ತೆ. ಆ ಕೆಂಪು ಹುಳುವಿನ ಮೈಯಲ್ಲಿ ಹಿಮೋಗ್ಲೋಬಿನ್ ಇರೋದರಿಂದ ಅದು ತಡೆದುಕೊಳ್ಳುತ್ತೆ. ಪಲ್ಪರ್‌ಗೂ ಹೋಮ್‌ಸ್ಟೇಗೂ ನಡುವೆ ಇನ್ನೊಂದು ಜಾಗ ಇಟ್ಟುಕೊಳ್ಳದೆ ಜಗಳ ಬಗೆಹರಿಯಲ್ಲ ಗೌಡ್ರೇ.

ಹೋಮ್‌ಸ್ಟೇ ನಡೆಸುವವಳು
ಇಂಗುಗುಂಡಿ ಹಳ್ಳದಿಂದ 40 ಅಡಿ ದೂರ ಇದೆ. ನೋಡದೆ ಆಡಬೇಡಿ. ತೋಟಕ್ಕೆ ಬೋರ್ಡೋ ಔಷಧ ಹೊಡೆದು ಉಳಿದ ಮೈಲುತುತ್ತದ ಡ್ರಮ್ಮು ಎಲ್ಲಿ ತೊಳೆಯುತ್ತೀರಿ ಅಂತ ಮೊದಲು ಹೇಳಿ.

ಘಟ್ಟದ ಕೀಟ
ಅದು ಕೇಳಬೇಕಾದ ಮಾತೇ. ಕೊಳೆ ಸೇರಿದರೆ ಬಗೆ ಕಮ್ಮಿಯಾಗುತ್ತೆ, ಆದರೆ ಕೆಂಪು ಹುಳು, ಟ್ಯೂಬಿಫೆಕ್ಸ್ (ಕೆಸರಿನ ಸಣ್ಣ ಎರೆಹುಳು) ಮುದ್ದೆಮುದ್ದೆ ಬೆಳೆಯುತ್ತವೆ. ಮೈಲುತುತ್ತದ ತಾಮ್ರ, ಕೀಟನಾಶಕ ಸೇರಿದರೆ ಸಂಖ್ಯೆಯೇ ಬೀಳುತ್ತೆ. ತಾಮ್ರಕ್ಕೆ ಬಸವನಹುಳು ಬೇಗ ಸಾಯುತ್ತೆ. ಹಾಗಾಗಿ ಬಗೆ ಮಾತ್ರವಲ್ಲ, ತಲೆ ಎಣಿಕೆಯೂ ಬೇಕು.

ವಿಜ್ಞಾನ ಶಿಕ್ಷಕಿ
ಎಲ್ಲರಿಗೂ ಧನ್ಯವಾದ. ಮೇಲಿನ ಜಾಗ ಕಲ್ಲುಹಾಸಿನ ಮೇಲೆ ಧುಮುಕುವ ನೀರು. ಕೆಳಗಿನದು ಕಟ್ಟದ ಹಿಂದೆ ನಿಂತ ನೀರು, ಮೊಣಕಾಲುದ್ದ ಕೆಸರಿದೆ.

ಕಲ್ಲುಮಗುಚಿ
ಹಾಗಾದರೆ ಕೆಳಗಿನ ಜಾಗ ಬಿಟ್ಟುಬಿಡಿ ಮೇಡಂ. ಪಲ್ಪಿಂಗ್ ಇಲ್ಲದಿದ್ದರೂ ಕೆಸರಿನಲ್ಲಿ ಹೆಪ್ಟಜೆನಿಡೇ ಇರಲ್ಲ, ಅದರ ಚಪ್ಪಟೆ ಮೈ ಕಲ್ಲಿಗೇ ಹೊಂದುವಂಥದ್ದು. ಕಟ್ಟ ದಾಟಿ ಇಳಿಯಿರಿ. ಮುಷ್ಟಿಗಾತ್ರದಿಂದ ತಲೆಗಾತ್ರದ ಕಲ್ಲು, ಮೊಣಕಾಲಿಗಿಂತ ಕಮ್ಮಿ ಆಳ, ನೊರೆಯೇಳುವ ಹರಿವು. ಈ ಮೂರೂ ಮೇಲಿನ ಜಾಗಕ್ಕೆ ಹೊಂದುವ ಕಡೆ ಬಲೆ ಇಡಿ.

ಘಟ್ಟದ ಕೀಟ
ಇದನ್ನು ಒಪ್ಪುತ್ತೇನೆ. ಪಲ್ಪಿಂಗ್ ಶುರುವಾಗುವ ಮುಂಚೆಯೇ, ಜೋರು ಮಳೆ ನಿಂತು ಮೂರು ವಾರ ಆದ ಮೇಲೆ, ಒಂದು ಸಲ ಎಣಿಸಿಟ್ಟುಕೊಳ್ಳಿ. ಆದರೆ ಆ ಬಿಎಂಡಬ್ಲ್ಯೂಪಿ ಮಾತ್ರ ಬೇಡ.